ಮೆಕ್ಸಿಕೋದ ಹೊಗೆ, ರಾಯಚೂರಿನ ಲಿಂಬೆ

ರಾಯಚೂರಿನಿಂದ ಮಾನ್ವಿಗೆ ಹೋಗಿ, ದೇವದುರ್ಗಕ್ಕೆ ಹೋಗಿ, ದಾರಿಯುದ್ದಕ್ಕೂ ಎರಡು ಗಿಡ ಕಣ್ಣಿಗೆ ಬೀಳದೆ ಇರುವುದಿಲ್ಲ. ಒಂದು ಬಳ್ಳಾರಿ ಜಾಲಿ, ಇನ್ನೊಂದು ಕತ್ತಾಳೆ. ಎರಡಕ್ಕೂ ಯಾರೂ ನೀರು ಹಾಯಿಸುವುದಿಲ್ಲ, ಗೊಬ್ಬರ ಹಾಕುವುದಿಲ್ಲ. ಜಾಲಿ ಒಲೆಗೆ, ಇದ್ದಿಲಿಗೆ. ಕತ್ತಾಳೆ ಬೇಲಿಗೆ, ಹಗ್ಗಕ್ಕೆ. ಅಷ್ಟು ಬಿಟ್ಟರೆ ಇವುಗಳನ್ನು ತಿರುಗಿ ನೋಡುವವರಿಲ್ಲ. ಆದರೆ ಮೆಕ್ಸಿಕೋ ದೇಶದ ವಹಾಕಾ ರಾಜ್ಯದಿಂದ ಒಬ್ಬ ಭಟ್ಟಿಗಾರನನ್ನು ಕರೆತಂದು ದೇವದುರ್ಗದ ಮಡ್ಡಿಯಲ್ಲಿ ಇಳಿಸಿದರೆ ಅವನ ಕಣ್ಣು ಮೊದಲು ಹೋಗುವುದು ಇವೆರಡರ ಮೇಲೆಯೇ. ಅವನ ಕಸುಬಿಗೆ ಬೇಕಾದ ಕಚ್ಚಾಮಾಲು ಒಂದು, ಸೌದೆ ಇನ್ನೊಂದು. ಅವನು ಇಳಿಸುವ ಮದ್ಯದ ಹೆಸರು ಮೆಸ್ಕಾಲ್.

ಬೆಂಗಳೂರಿನ ಬಾರುಗಳಲ್ಲಿ ಈಚಿನ ಕೆಲವು ವರ್ಷಗಳಿಂದ ಈ ಹೆಸರು ಕೇಳಿಬರುತ್ತಿದೆ. ಹೊಗೆಯ ವಾಸನೆ, ಲಿಂಬೆಯ ಹುಳಿ, ಗ್ಲಾಸಿನ ಅಂಚಿಗೆ ಉಪ್ಪು ಖಾರ. ಒಂದು ಗ್ಲಾಸಿಗೆ ಎಣಿಸಿಕೊಡುವ ದುಡ್ಡಿನಲ್ಲಿ ರಾಯಚೂರಿನ ಖಾನಾವಳಿಯಲ್ಲಿ ನಾಲ್ಕೈದು ಮಂದಿ ಹೊಟ್ಟೆ ತುಂಬ ರೊಟ್ಟಿ ಊಟ ಮಾಡಬಹುದು. ಹಾಗೆಂದು ಇದೇನೂ ದೇವಲೋಕದ ರುಚಿಯಲ್ಲ. ಇದನ್ನು ಮನೆಯಲ್ಲಿ ಮಾಡುವುದು ಹೇಗೆ ಎಂದು ಬಿಡಿಸಿ ನೋಡುತ್ತ ಹೋದರೆ, ಬಾಟಲಿಯೊಂದನ್ನು ಬಿಟ್ಟು ಉಳಿದಿದ್ದೆಲ್ಲ ನಮ್ಮ ಹಿತ್ತಲಲ್ಲೇ ಸಿಗುತ್ತದೆ.

ಬಾಟಲಿಯಿಂದಲೇ ಶುರು ಮಾಡೋಣ. ಮೆಸ್ಕಾಲ್ ಎಂದರೆ ಕತ್ತಾಳೆಯ ಗಡ್ಡೆಯನ್ನು ಸುಟ್ಟು, ಹುಳಿ ಬರಿಸಿ, ಭಟ್ಟಿ ಇಳಿಸಿದ ಮದ್ಯ. ಗಡ್ಡೆ ಎಂದರೆ ಬೇರಲ್ಲ. ಮುಳ್ಳಿನ ಎಲೆಗಳನ್ನೆಲ್ಲ ಬುಡಕ್ಕೆ ಸವರಿ ತೆಗೆದ ಮೇಲೆ ಉಳಿಯುವ ತಿರುಳಿನ ಗುಂಡು. ನೋಡಲು ದೊಡ್ಡ ಅನಾನಸ್ಸಿನಂತೆ ಇರುವುದರಿಂದ ಮೆಕ್ಸಿಕನ್ನರು ಅದನ್ನು ಪೀನ್ಯಾ ಎನ್ನುತ್ತಾರೆ. ಒಂದೊಂದು ಹತ್ತಾರು ಕಿಲೋ ತೂಗುತ್ತದೆ. ಮೆಸ್ಕಾಲಿಗೆ ಹೆಚ್ಚಾಗಿ ಬಳಸುವ ಎಸ್ಪದೀನ್ ಎಂಬ ಜಾತಿ ಬಲಿಯಲು ಏಳೆಂಟು ವರ್ಷ ಬೇಕು. ಕಾಡಿನ ಜಾತಿಗಳಿಗೆ ಇನ್ನೂ ಹೆಚ್ಚು. ಹೂವಿನ ಕೋಲು ಮೇಲೇಳುವ ಮುಂಚೆಯೇ ಕಡಿಯಬೇಕು. ಕತ್ತಾಳೆ ಜೀವಮಾನದಲ್ಲಿ ಒಂದೇ ಸಲ ಹೂ ಬಿಡುವ ಗಿಡ. ವರ್ಷಗಟ್ಟಲೆ ಕೂಡಿಟ್ಟ ಸಕ್ಕರೆಯನ್ನೆಲ್ಲ ಆ ಒಂದು ಕೋಲಿಗೆ ಸುರಿದು, ಮರದೆತ್ತರ ಬೆಳೆಸಿ, ಹೂ ಕಾಯಿ ಮುಗಿಸಿ ಸಾಯುತ್ತದೆ. ಕೋಲು ಎದ್ದ ಮೇಲೆ ಗಡ್ಡೆಯಲ್ಲಿ ಸಿಹಿ ಉಳಿಯುವುದಿಲ್ಲ.

ಕಡಿದ ಗಡ್ಡೆ ಹಸಿಯಾಗಿದ್ದಾಗ ಹುಳಿ ಬರುವುದಿಲ್ಲ. ಅದರಲ್ಲಿರುವ ಸಕ್ಕರೆ ಫ್ರಕ್ಟಾನ್ ಎಂಬ ಉದ್ದ ಸರಪಳಿಯ ರೂಪದಲ್ಲಿರುತ್ತದೆ, ಯೀಸ್ಟಿಗೆ ಅದು ದಕ್ಕುವುದಿಲ್ಲ. ಬೇಯಿಸಿದಾಗ ಸರಪಳಿ ತುಂಡಾಗಿ ಫ್ರಕ್ಟೋಸ್ ಆಗುತ್ತದೆ. ವಹಾಕಾದ ಹಳ್ಳಿಗಳಲ್ಲಿ ಬೇಯಿಸುವ ಬಗೆಯೇ ಈ ಮದ್ಯದ ಗುಟ್ಟು. ನೆಲದಲ್ಲಿ ಆಳವಾದ ಗುಂಡಿ ತೋಡಿ, ಸೌದೆ ಉರಿಸಿ, ಮೇಲೆ ಕಲ್ಲು ಪೇರಿಸಿ, ಕಲ್ಲು ಕೆಂಪಗೆ ಕಾದ ಮೇಲೆ ಗಡ್ಡೆಗಳನ್ನು ಒಟ್ಟಿ, ಚಾಪೆ ಹೊದಿಸಿ ಮಣ್ಣು ಮುಚ್ಚುತ್ತಾರೆ. ಮೂರರಿಂದ ಐದು ದಿನ ಅದು ಹಾಗೆಯೇ ಒಳಗೊಳಗೆ ಬೇಯುತ್ತದೆ. ರಾಯಚೂರಿನ ಹೊಲಗಳಲ್ಲಿ ಬಿಳಿಜೋಳ ಹಾಲುಗಾಳಾದಾಗ ಬದುವಿನ ಮೇಲೆ ಸಣ್ಣ ಕುಣಿ ತೋಡಿ, ಕುಳ್ಳಿನ ಕೆಂಡದಲ್ಲಿ ತೆನೆ ಹುಗಿದು ಸೀತನಿ ಸುಡುವುದನ್ನು ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಸೀತನಿಯ ಕಾಳು ಬಾಯಿಗೆ ಹಾಕಿಕೊಂಡಾಗ ಸಿಹಿಯ ಹಿಂದೆಯೇ ಬರುತ್ತದಲ್ಲ, ಆ ಹೊಗೆಯ ಘಮ, ಮೆಸ್ಕಾಲಿನಲ್ಲಿ ಇರುವುದೂ ಅದೇ ವರಸೆಯದು. ಕಟ್ಟಿಗೆಯಲ್ಲಿರುವ ಲಿಗ್ನಿನ್ ಎಂಬ ಅಂಶ ಉರಿದಾಗ ಗ್ವಾಯಕಾಲ್ ಮೊದಲಾದ ರಾಸಾಯನಿಕಗಳು ಹುಟ್ಟಿ ಗಡ್ಡೆಗೆ ಅಂಟಿಕೊಳ್ಳುತ್ತವೆ, ಭಟ್ಟಿಯಲ್ಲೂ ಬಿಟ್ಟುಹೋಗದೆ ಬಾಟಲಿಗೆ ಇಳಿಯುತ್ತವೆ.

ಬೆಂದ ಗಡ್ಡೆಯನ್ನು ಕುದುರೆ ಎಳೆಯುವ ಕಲ್ಲಿನ ಗಾಲಿಯಡಿ ಅರೆದು, ಮರದ ತೊಟ್ಟಿಗಳಲ್ಲಿ ಹುಳಿ ಬರಿಸಿ, ತಾಮ್ರದ ಅಥವಾ ಮಣ್ಣಿನ ಪಾತ್ರೆಯಲ್ಲಿ ಎರಡು ಸಲ ಇಳಿಸುತ್ತಾರೆ. ಮೆಕ್ಸಿಕೋ ಸರ್ಕಾರ 1994ರಲ್ಲಿ ಮೆಸ್ಕಾಲಿಗೆ ಮೂಲಸ್ಥಾನದ ರಕ್ಷಣೆ ಕೊಟ್ಟಿತು. ನಮ್ಮ ಬ್ಯಾಡಗಿ ಮೆಣಸಿನಕಾಯಿಗೂ ಇಂಡಿ ಲಿಂಬೆಗೂ ಸಿಕ್ಕಿರುವ ಭೌಗೋಳಿಕ ಸೂಚಿಯಂಥದ್ದೇ ಅದು. ಗೊತ್ತುಮಾಡಿದ ರಾಜ್ಯಗಳ ಹೊರಗೆ ಮಾಡಿದ್ದಕ್ಕೆ ಆ ಹೆಸರು ಇಡುವಂತಿಲ್ಲ. ಮದ್ಯಸಾರ ಶೇ 35ರಿಂದ 55ರ ನಡುವೆ ಇರಬೇಕೆಂಬ ನಿಯಮವೂ ಇದೆ. ಟಕೀಲಾ ಇದರ ದಾಯಾದಿ. ಅದಕ್ಕೆ ನೀಲಿ ಕತ್ತಾಳೆ ಒಂದೇ ಆಗಬೇಕು, ಅದನ್ನು ಸಾಮಾನ್ಯವಾಗಿ ಹಬೆಯಲ್ಲಿ ಬೇಯಿಸುತ್ತಾರೆ. ಹಬೆಯಲ್ಲಿ ಹೊಗೆ ಎಲ್ಲಿಂದ ಬರಬೇಕು?

ಬಾಟಲಿಯೊಳಗಿನ ಹುಳುವಿನ ಬಗ್ಗೆ ಕೇಳುವವರಿದ್ದಾರೆ. ಅದು ಸಂಪ್ರದಾಯವಲ್ಲ, 1950ರ ಆಸುಪಾಸಿನಲ್ಲಿ ಮಾರಾಟಗಾರರು ಹೂಡಿದ ಆಟ. ಒಳ್ಳೆಯ ಮೆಸ್ಕಾಲಿನಲ್ಲಿ ಹುಳು ಇರುವುದಿಲ್ಲ.

ಇನ್ನು ನಕಾಶೆ ತೆಗೆದು ನೋಡಿದರೆ ಮೋಜಿನ ಸಂಗತಿಯೊಂದು ಕಾಣುತ್ತದೆ. ವಹಾಕಾ ನಗರ ಇರುವುದು ಉತ್ತರ ಅಕ್ಷಾಂಶ 17 ಡಿಗ್ರಿಯಲ್ಲಿ. ರಾಯಚೂರು 16 ಡಿಗ್ರಿ ದಾಟಿದಲ್ಲಿ, ದೇವದುರ್ಗ ಅದಕ್ಕಿಂತ ತುಸು ಮೇಲೆ, ಮಾನ್ವಿ ತುಸು ಕೆಳಗೆ. ವಹಾಕಾ ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿದೆ, ರಾಯಚೂರು 400ರ ಆಸುಪಾಸು. ಹಾಗಾಗಿ ಅಲ್ಲಿನ ತಂಪು ನಮಗಿಲ್ಲ. ಆದರೆ ಕಡಿಮೆ ಮಳೆ, ಕಲ್ಲುನೆಲ, ಒಣ ಗಾಳಿ ಎರಡೂ ಕಡೆ ಇದೆ. ನಮ್ಮ ಬೇಲಿಯ ಆನೆಗತ್ತಾಳೆಗೆ ಸಸ್ಯಶಾಸ್ತ್ರಜ್ಞರು ಇಟ್ಟ ಹೆಸರು ಅಗಾವೆ ಅಮೆರಿಕಾನಾ. ವಹಾಕಾದಲ್ಲಿ ಅರೊಕೆನ್ಯೊ ಎಂದು ಕರೆದು, ದುಬಾರಿ ಮೆಸ್ಕಾಲಿಗೆಂದೇ ಕಾಯ್ದಿಡುವ ದೈತ್ಯ ಕತ್ತಾಳೆ ಇದೇ ಪ್ರಭೇದದ ಬಳಗ. ಬಳ್ಳಾರಿ ಜಾಲಿಯೂ ಅಲ್ಲಿಯದೇ. ಮೆಕ್ಸಿಕೋದಲ್ಲಿ ಗುಂಡಿ ಉರಿಸಲು ಬಳಸುವ ಮೆಸ್ಕೀಟ್ ಎಂಬ ಮರ ಅದರ ಖಾಸಾ ನೆಂಟ.

ಈ ಗಿಡಗಳು ಇಲ್ಲಿಗೆ ಬಂದದ್ದು ಬೇರೆ ಕೆಲಸಕ್ಕೆ. ದನಕರು ದಾಟದಂತೆ ಬೇಲಿಯಾಗಿ ಕತ್ತಾಳೆ ನೆಡುವುದು ಬ್ರಿಟಿಷರ ಕಾಲದ ರೈಲು ಇಲಾಖೆಯ ರೂಢಿ. ಮುಂಬೈ ಕಡೆಯಿಂದ ಬಂದ ಹಳಿಯೂ ಮದ್ರಾಸ್ ಕಡೆಯಿಂದ ಬಂದ ಹಳಿಯೂ 1871ರಲ್ಲಿ ಕೂಡಿಕೊಂಡದ್ದು ಇದೇ ರಾಯಚೂರಿನಲ್ಲಿ. ಹಳ್ಳಿಗರು ಕತ್ತಾಳೆಯ ಎಲೆಯನ್ನು ಕುಂಟೆಯ ನೀರಿನಲ್ಲಿ ಕೊಳೆಹಾಕಿ, ಬಡಿದು, ನಾರು ತೆಗೆದು ಹಗ್ಗ ಹೊಸೆದರು. ಕುಡಿಯುವ ಯೋಚನೆ ಯಾರಿಗೂ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ, ಈಚಲು ಮರದ ಸೇಂದಿ ಇತ್ತಲ್ಲ.

ಲಿಂಬೆಯದು ತಿರುಗು ಪ್ರಯಾಣ. ನಾವು ದಿನಾ ಹಿಂಡುವ, ತೆಳು ಸಿಪ್ಪೆಯ ಸಣ್ಣ ಲಿಂಬೆ ಏಷ್ಯಾದ ಹಣ್ಣು. ಸ್ಪೇನಿನವರ ಹಡಗು ಹತ್ತಿ ಮೆಕ್ಸಿಕೋ ಸೇರಿತು. ಈಗ ಜಗತ್ತು ಅದನ್ನು 'ಮೆಕ್ಸಿಕನ್ ಲೈಮ್' ಎನ್ನುತ್ತದೆ. ಮೆಣಸಿನಕಾಯಿ ಅಲ್ಲಿಂದ ಇಲ್ಲಿಗೆ ಬಂತು, ಪೋರ್ಚುಗೀಸರ ಮೂಲಕ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಕ್ರಿಸ್ತೊವಾವ್ ದ ಫಿಗೆರೆದೊ ಎಂಬ ಪೋರ್ಚುಗೀಸನ ಬಂದೂಕುಗಾರರು ರಾಯನ ಕಡೆ ನಿಂತು ಗುಂಡು ಹಾರಿಸಿದರು. ಅದೇ ವರ್ಷ, ಭೂಮಿಯ ಆ ಬದಿಯಲ್ಲಿ, ಸ್ಪೇನಿನ ಕೋರ್ತೆಸ್ ಅಜ್ಟೆಕ್ ರಾಜಧಾನಿಯಲ್ಲಿ ಒದ್ದಾಡುತ್ತಿದ್ದ. ಈ ಒಂದು ಗ್ಲಾಸಿನಲ್ಲಿರುವ ಕತ್ತಾಳೆ, ಲಿಂಬೆ, ಖಾರ ಮೂರೂ ಊರು ಬದಲಿಸಿದ್ದು ಆ ಶತಮಾನದಿಂದ ಈಚೆಗೆ.

ದಖ್ಖನ್ನಿನ ಕತ್ತಾಳೆಯಿಂದ ಮದ್ಯ ಇಳಿಸಬಹುದೆಂದು ಲೆಕ್ಕ ಹಾಕಿ ಮಾಡಿ ತೋರಿಸಿದವರು ಗೋವಾದ ಡೆಸ್ಮಂಡ್ ನಝರೆತ್. ಮಾರ್ಗರೀಟಾ ಎಂಬ ಲಿಂಬೆ ಕಾಕ್‌ಟೇಲಿನ ರುಚಿ ಹತ್ತಿದ್ದ ಅವರಿಗೆ ಇಲ್ಲಿ ಒಳ್ಳೆಯ ಟಕೀಲಾ ಸಿಗುತ್ತಿರಲಿಲ್ಲ. ಮೆಕ್ಸಿಕೋದ ಹವೆಗೂ ದಖ್ಖನ್ನಿನ ಹವೆಗೂ ಹೋಲಿಕೆ ಕಂಡು, ಹೊಲದ ಬದುಗಳಲ್ಲಿ ಬಿದ್ದಿದ್ದ ಕತ್ತಾಳೆಯನ್ನೇ ಆರಿಸಿಕೊಂಡರು. ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿ ಭಟ್ಟಿ ಹಾಕಿ, 2011ರಲ್ಲಿ 'ಡೆಸ್ಮಂಡ್‌ಜಿ' ಹೆಸರಿನಲ್ಲಿ ಮಾರಾಟ ಶುರುಮಾಡಿದರು. ಟಕೀಲಾ, ಮೆಸ್ಕಾಲ್ ಎಂಬ ಹೆಸರು ಹಾಕಿಕೊಳ್ಳುವಂತಿಲ್ಲವಾದ್ದರಿಂದ ಬಾಟಲಿಯ ಮೇಲೆ ಬರೀ 'ಅಗಾವೆ' ಎಂದಿತ್ತು. 2022ರಲ್ಲಿ ರಕ್ಷಯ್ ಧಾರಿವಾಲ್ ಅವರ 'ಮಾಯಾ ಪಿಸ್ತೋಲಾ ಅಗಾವೆಪುರ' ಬಂತು. ಅದರ ಮೂಲವೂ ದಖ್ಖನ್ನಿನ ಕಾಡುಗತ್ತಾಳೆಯೇ. ಹೊರದೇಶದ ಬಹುಪಾಲು ಮದ್ಯದ ಮೇಲೆ ಬಹುಕಾಲದಿಂದ ಇರುವ ಕೇಂದ್ರದ ಸುಂಕವೇ ಶೇ 150. ಅದರ ಮೇಲೆ ರಾಜ್ಯದ ಅಬಕಾರಿ. ಆದ್ದರಿಂದ ಅಸಲಿ ಮೆಸ್ಕಾಲಿನ ಬಾಟಲಿ ಮಧ್ಯಮ ವರ್ಗದವರ ಕೈಗೆಟುಕುವುದು ಕಷ್ಟ. ದೇಶಿ ಅಗಾವೆ ಅದಕ್ಕಿಂತ ಅಗ್ಗ. ಹೊಗೆ ಮಾತ್ರ ಮೆಸ್ಕಾಲಿನಷ್ಟು ಇರುವುದಿಲ್ಲ. ಆ ಕೊರತೆಯನ್ನು ಅಡುಗೆಮನೆಯಲ್ಲಿ ತುಂಬಿಕೊಳ್ಳಬಹುದು.

ಅಲ್ಲಿಗೆ ಹೋಗುವ ಮುಂಚೆ ಒಂದು ಮಾತು. ರಾಯಚೂರಿನ ಬಗ್ಗೆ ಬರೆಯುವಾಗ ಮದ್ಯವನ್ನು ಬರೀ ಶೋಕಿಯ ಸಂಗತಿ ಎಂಬಂತೆ ಬರೆಯಲು ಬರುವುದಿಲ್ಲ. ನಿಜಾಮರ ಕಾಲದಿಂದಲೂ ಇಲ್ಲಿ ಸೇಂದಿಯೇ ದುಡಿಯುವವರ ಕುಡಿತ, ಸರ್ಕಾರದ ಬೊಕ್ಕಸಕ್ಕೆ ಅಬಕಾರಿ ಒಂದು ದೊಡ್ಡ ಹುಟ್ಟುವಳಿ. ಈಗ ಇಲ್ಲಿ ಸೇಂದಿ ಮಾರಾಟಕ್ಕೆ ಅನುಮತಿ ಇಲ್ಲ; ಗಡಿಯಾಚೆ ತೆಲಂಗಾಣದಲ್ಲಿ ಇದೆ. ಹೀಗಾಗಿ ರಾಯಚೂರು ನಗರದಲ್ಲಿ ಕದ್ದುಮುಚ್ಚಿ ಮಾರುವ ಸೇಂದಿಯಲ್ಲಿ ಮರದ ರಸಕ್ಕಿಂತ 'ಸಿ.ಎಚ್. ಪೌಡರ್' ಹೆಚ್ಚು. ಪೂರ್ತಿ ಹೆಸರು ಕ್ಲೋರಲ್ ಹೈಡ್ರೇಟ್, ಅಮಲು ಬರಿಸಿ ಮಲಗಿಸುವ ರಾಸಾಯನಿಕ. ಪೊಲೀಸರು, ಅಬಕಾರಿಯವರು ಅದನ್ನು ಹಿಡಿಯುವ ಸುದ್ದಿ ಸ್ಥಳೀಯ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಕುಡಿತ ನಿಲ್ಲಲಿಲ್ಲ, ಕಿರಾಣಿ ಅಂಗಡಿಯಲ್ಲೂ ಪೌಚು ಸಿಗುವ ಕಾಲ ಬಂತು. ಹಳ್ಳಿಗಳಲ್ಲಿ ಅಕ್ರಮ ಮದ್ಯದ ವಿರುದ್ಧ ಮೊದಲು ಬೀದಿಗಿಳಿದವರಲ್ಲಿ ರಾಯಚೂರು ಜಿಲ್ಲೆಯ ಕೂಲಿ ಹೆಣ್ಣುಮಕ್ಕಳಿದ್ದರು. 2019ರ ಜನವರಿಯಲ್ಲಿ ಸಾವಿರಾರು ಮಹಿಳೆಯರು ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ನಡೆದಾಗಲೂ ಈ ಜಿಲ್ಲೆಯವರು ಅದರಲ್ಲಿ ಇದ್ದರು. ಅವರು ಹೇಳುತ್ತಿದ್ದುದು ಕೂಲಿಯ ದುಡ್ಡು ಮನೆ ಮುಟ್ಟುವ ಮುಂಚೆಯೇ ಎಲ್ಲಿ ಹೋಗುತ್ತದೆ ಎಂಬುದನ್ನು. ಆ ಪ್ರಶ್ನೆಗೆ ಕಾಕ್‌ಟೇಲ್ ಉತ್ತರವಲ್ಲ. ಈ ಲೇಖನದಲ್ಲಿ ಗ್ಲಾಸಿಗಿಂತ ಕೆಂಡಕ್ಕೂ ಲಿಂಬೆಗೂ ಹೆಚ್ಚು ಜಾಗ ಸಿಕ್ಕಿರುವುದಕ್ಕೆ ಅದೂ ಒಂದು ಕಾರಣ.

ಕಾನೂನಿನ ಮಾತನ್ನೂ ಮುಗಿಸಿಬಿಡೋಣ. ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಭಟ್ಟಿ ಇಳಿಸುವುದು ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಅಪರಾಧ. ಅಪಾಯವೂ ಹೌದು, ಗೊತ್ತಿಲ್ಲದ ಕೈಯಲ್ಲಿ ಮಿಥನಾಲ್ ಉಳಿದರೆ ಕಣ್ಣು ಹೋಗುತ್ತದೆ, ಜೀವ ಹೋಗುತ್ತದೆ. ಬೇಲಿಯ ಕತ್ತಾಳೆಯನ್ನು ಕೊಯ್ದು ನೋಡುವ ಉತ್ಸಾಹವೂ ಬೇಡ. ಅದರ ಹಸಿ ರಸದಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಮೊನೆಯ ಹರಳುಗಳಿವೆ. ತಾಗಿದ ಕಡೆ ತುರಿಕೆ, ಗುಳ್ಳೆ. ಕಣ್ಣಿಗೆ ಸಿಡಿದರೆ ಆಸ್ಪತ್ರೆ. 21 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ ಎಂಬುದು ರಾಜ್ಯದ ನಿಯಮ. ಅದನ್ನು 18ಕ್ಕೆ ಇಳಿಸುವ ಕರಡು 2023ರ ಜನವರಿಯಲ್ಲಿ ಬಂದು, ವಿರೋಧ ಎದ್ದು, ಹಿಂದಕ್ಕೆ ಹೋಯಿತು.

ಈಗ ಅಡುಗೆಮನೆ.

ಹೊಗೆ ಲಿಂಬೆಯ ಕಾಕ್‌ಟೇಲಿಗೆ ಮೂರು ಆಧಾರ: ಮದ್ಯ, ಹುಳಿ, ಸಿಹಿ. ಮಾರ್ಗರೀಟಾದಲ್ಲಿ ಟಕೀಲಾ ಇರುವ ಜಾಗಕ್ಕೆ ಮೆಸ್ಕಾಲ್ ಹಾಕಿದರೆ ಅದು ಮೆಸ್ಕಾಲ್ ಮಾರ್ಗರೀಟಾ. ಬಾರುಗಳಲ್ಲಿ ಸಿಹಿಗೆ ಕಿತ್ತಳೆ ಸಿಪ್ಪೆಯ ಲಿಕರ್ ಬಳಸುತ್ತಾರೆ. ಮನೆಯಲ್ಲಿ ಅದಿಲ್ಲದಿದ್ದರೆ ಬೆಲ್ಲದ ಪಾಕಕ್ಕೆ ಒಂದು ಚೂರು ಕಿತ್ತಳೆ ಸಿಪ್ಪೆ ಹಾಕಿ ಕುದಿಸಿದರೆ ಸಾಕು. ಸಿಪ್ಪೆಯ ಒಳಗಿನ ಬಿಳಿ ಪದರ ಕಹಿ, ಅದನ್ನು ಕೆರೆದು ತೆಗೆದಿರಬೇಕು. ಬೆಲ್ಲ ಎಷ್ಟೋ ನೀರೂ ಅಷ್ಟೇ ತೂಕ. ಕರಗಿದ ಮೇಲೆ ಸೋಸಿ ಆರಿಸಿ. ಕಪ್ಪು ಬೆಲ್ಲವಾದರೆ ರುಚಿ ಹೆಚ್ಚು, ಬಣ್ಣ ಮಣ್ಣುಮಣ್ಣು. ಅಂದ ಬೇಕೆನ್ನುವವರು ಸಕ್ಕರೆ ಹಾಕಿಕೊಳ್ಳಲಿ.

ಹೊಗೆ ಹಿಡಿಸುವುದು ಇಲ್ಲಿನ ಅಡುಗೆಗೆ ಹೊಸದಲ್ಲ. ಹೈದರಾಬಾದಿನ ಅಡುಗೆಯ ನೆರಳಿರುವ ಮನೆಗಳಲ್ಲಿ ದಾಲಿಗೋ ಕೈಮಾಕ್ಕೋ ಬಟ್ಟಲಿನಲ್ಲಿ ಕೆಂಡ ಇಟ್ಟು, ತುಪ್ಪ ತೊಟ್ಟಿಕ್ಕಿಸಿ, ಮುಚ್ಚಳ ಮುಚ್ಚುವುದುಂಟು. ಪಾನೀಯಕ್ಕೆ ತುಪ್ಪ ಆಗದು, ಜಿಡ್ಡು ತೇಲುತ್ತದೆ. ಕೆಂಡದ ಮೇಲೆ ಒಣಗಿದ ಕಿತ್ತಳೆ ಸಿಪ್ಪೆಯನ್ನೋ ಒಂದು ಚೂರು ದಾಲ್ಚಿನ್ನಿಯನ್ನೋ ಇಡಿ. ಇದ್ದಿಲು ಕಟ್ಟಿಗೆಯದೇ ಆಗಬೇಕು. ಹುಕ್ಕಾಕ್ಕೆಂದು ಮಾರುವ, ಕಡ್ಡಿ ಗೀರಿದ ಕೂಡಲೇ ಹತ್ತಿಕೊಳ್ಳುವ ಬಿಲ್ಲೆಗಳಲ್ಲಿ ರಾಸಾಯನಿಕ ಬೆರೆತಿರುತ್ತದೆ, ಅವು ಬೇಡ. ಇದ್ದಿಲು ಪೆಟ್ಟಿಗೆ ಬಿಡದ ಇಸ್ತ್ರಿ ಅಂಗಡಿಯವರು ಇನ್ನೂ ಇದ್ದಾರೆ. ಅವರ ಬಳಿ ಕೇಳಿದರೆ ಒಂದು ಹಿಡಿ ಸಿಗುತ್ತದೆ, ಬಹಳ ಕಡೆ ಅದು ಜಾಲಿಯ ಇದ್ದಿಲೇ.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ: ಮದ್ಯದ ಹತ್ತಿರ ಕೆಂಡ ಒಯ್ಯಬಾರದು. ಶೇ 40 ಮದ್ಯಸಾರದ ಆವಿ ಬೆಂಕಿ ಹಿಡಿಯುತ್ತದೆ. ಹೊಗೆ ಹಿಡಿಸಬೇಕಾದದ್ದು ಪಾಕಕ್ಕೆ. ಅಗಲ ಪಾತ್ರೆಯಲ್ಲಿ ಪಾಕ ಹಾಕಿ, ನಡುವೆ ಸ್ಟೀಲ್ ಬಟ್ಟಲಿನಲ್ಲಿ ಕೆಂಡ ಇಟ್ಟು, ಮೂರು ನಿಮಿಷ ಮುಚ್ಚಿದರೆ ಸಾಕು. ಐದಾದರೆ ಬೂದಿ ನೆಕ್ಕಿದ ಹಾಗಿರುತ್ತದೆ. ಕಿಟಕಿ ತೆರೆದಿರಲಿ, ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಕಾರ್ಬನ್ ಮಾನಾಕ್ಸೈಡ್ ಪ್ರಾಣಕ್ಕೆ ಎರವಾಗುತ್ತದೆ.

ಲಿಂಬೆಹಣ್ಣಿಗೂ ಬೆಂಕಿ ತೋರಿಸಬೇಕು. ಈ ಕೆಲಸವನ್ನು ನಿಂತು ನೋಡುವಂತಿದೆ. ಹಣ್ಣನ್ನು ಅಡ್ಡಕ್ಕೆ ಕೊಯ್ದು, ಬೀಜ ತೆಗೆದು, ಕೊಯ್ದ ಮುಖ ಕೆಳಗಾಗಿ ಚೆನ್ನಾಗಿ ಕಾದ ಕಬ್ಬಿಣದ ಹಂಚಿನ ಮೇಲೆ ಒತ್ತಿದರೆ ಮೊದಲು ಚುರ್ರೆಂದು ರಸ ನೊರೆಗಟ್ಟುತ್ತದೆ. ನೊರೆ ಅಡಗಿ, ಅಂಚಿನಲ್ಲಿ ಕಂದು ಗೆರೆಯೊಂದು ಮೂಡುತ್ತದೆ. ಆಗ ಎತ್ತಿದರೆ ಮುಖದ ಮೇಲೆ ಎಸಳುಗಳ ಗೀಟುಗಳು ಕಪ್ಪಗೆ ಅಚ್ಚೊತ್ತಿರುತ್ತವೆ, ನಡುವಿನ ತಿರುಳು ಮಾತ್ರ ಹಸಿರಾಗಿಯೇ ಇರುತ್ತದೆ. ವಾಸನೆ ಲಿಂಬೆಯದಲ್ಲ, ಉಪ್ಪಿನಕಾಯಿಯದೂ ಅಲ್ಲ; ಹಣ್ಣಿನ ಸಕ್ಕರೆ ಸುಟ್ಟ ಕಮಟು, ಸಿಪ್ಪೆಯ ಎಣ್ಣೆಯ ಘಮಲು ಎರಡೂ ಕೂಡಿದ್ದು. ಬಿಸಿಗೆ ಒಳಗಿನ ಪೊರೆ ಸಡಿಲವಾಗಿ ರಸ ಸಲೀಸಾಗಿ ಇಳಿಯುತ್ತದೆ, ಹುಳಿಯ ಕೊಂಕು ತಗ್ಗುತ್ತದೆ. ಪೂರ್ತಿ ಸುಟ್ಟ ರಸವನ್ನೇ ಹಾಕಿದರೆ ಪಾನೀಯ ಮಂಕಾಗುತ್ತದೆ. ಅರ್ಧ ಸುಟ್ಟದ್ದು, ಅರ್ಧ ಹಸಿಯದ್ದು ಬೆರೆಸುವುದು ಸರಿ.

ಒಂದು ಗ್ಲಾಸಿನ ಅಳತೆ ಹೀಗೆ: ಮೆಸ್ಕಾಲ್ ಅಥವಾ ದೇಶಿ ಅಗಾವೆ 45 ಮಿ.ಲೀ., ಲಿಂಬೆರಸ 25 ಮಿ.ಲೀ., ಹೊಗೆ ಹಿಡಿದ ಪಾಕ 15 ಮಿ.ಲೀ. ನಮ್ಮ ಸಣ್ಣ ಲಿಂಬೆಯಾದರೆ ಎರಡು ಹಣ್ಣು ಬೇಕು. ಶೇಕರ್ ಬೇಕೆಂದೇನಿಲ್ಲ, ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿ ಆಗುತ್ತದೆ, ಗಾಜಿನ ಬಾಟಲಿ ಬೇಡ. ಡಬ್ಬಿಯ ತುಂಬ ಐಸ್ ಹಾಕಿ, ಹದಿನೈದು ಎಣಿಸುವ ತನಕ ಜೋರಾಗಿ ಅಲುಗಿಸಿ, ಹೊರಮೈಗೆ ಬೆವರು ಮಂಜು ಕಟ್ಟಿದಾಗ ಸೋಸಬೇಕು. ಅಲುಗಿಸುವುದು ತಂಪಿಗೆ ಮಾತ್ರವಲ್ಲ. ಕರಗಿದ ಐಸಿನ ನೀರೂ ಪಾಕವಿಧಾನದ ಭಾಗ. ಅದಿಲ್ಲದೆ ಮದ್ಯ ಗಂಟಲಲ್ಲಿ ಉರಿಯುತ್ತದೆ. ರಾಯಚೂರಿನ ಮೇ ತಿಂಗಳಲ್ಲಿ ಫ್ರಿಜ್ಜಿನಿಂದ ತೆಗೆದ ಐಸ್ ಡಬ್ಬಿ ಸೇರುವ ಮುಂಚೆಯೇ ಅರ್ಧ ನೀರಾಗಿರುತ್ತದೆ. ಆಗ ಹತ್ತು ಎಣಿಸಿದರೆ ಸಾಕು, ಡಬ್ಬಿಯನ್ನೂ ಮೊದಲೇ ಫ್ರೀಜರಿನಲ್ಲಿ ಇಟ್ಟಿರಿ.

ಗ್ಲಾಸಿನ ಅಂಚಿಗೆ ಉಪ್ಪು ಖಾರ ಹಚ್ಚುವುದು ವಹಾಕಾದ ಪದ್ಧತಿಯ ಅಳವಡಿಕೆ. ಅಲ್ಲಿ ಮೆಸ್ಕಾಲಿನ ಜೊತೆ ಕಿತ್ತಳೆ ಹೋಳು, ಉಪ್ಪು ಮೆಣಸಿನಕಾಯಿಗೆ ಕತ್ತಾಳೆಯ ಹುಳುವನ್ನು ಹುರಿದು ಪುಡಿ ಮಾಡಿ ಬೆರೆಸಿದ್ದನ್ನು ಕೊಡುತ್ತಾರೆ. ಹುಳು ಬಿಟ್ಟು, ಉಪ್ಪಿಗೆ ಹುರಿದ ಜೀರಿಗೆ, ಬ್ಯಾಡಗಿ ಮೆಣಸಿನಕಾಯಿಯ ಪುಡಿ ಬೆರೆಸಿದರೆ ಏನೂ ಕಡಿಮೆಯಾಗುವುದಿಲ್ಲ. ಬ್ಯಾಡಗಿ ಮಾರುಕಟ್ಟೆಗೆ ಬರುವ ಕಾಯಿಯಲ್ಲಿ ರಾಯಚೂರು ಬಳ್ಳಾರಿ ಕಡೆಯದೂ ಸಾಕಷ್ಟಿದೆ. ಬಣ್ಣ ಕೆಂಪು, ಖಾರ ಹದ. ಗುಂಟೂರಿನ ಕಾಯಿ ಹಾಕಿದರೆ ತುಟಿಯ ಗತಿ ಹೇಳುವುದು ಬೇಡ. ಅಂಚಿನ ಅರ್ಧಕ್ಕೆ ಮಾತ್ರ ಹಚ್ಚಬೇಕು, ಬೇಡದವರು ಗ್ಲಾಸು ತಿರುಗಿಸಿಕೊಂಡು ಕುಡಿಯಲಿ.

ಬಾಟಲಿಗಳಿಗೆ ದುಡ್ಡು ಹಾಕಬಲ್ಲವರು 'ನೇಕೆಡ್ ಅಂಡ್ ಫೇಮಸ್' ಹುಡುಕಬಹುದು. ನ್ಯೂಯಾರ್ಕಿನ ಡೆತ್ ಅಂಡ್ ಕಂಪನಿ ಎಂಬ ಬಾರಿನಲ್ಲಿ ಹೊಆಕೀನ್ ಸಿಮೊ 2011ರಲ್ಲಿ ಮಾಡಿದ್ದು: ಮೆಸ್ಕಾಲ್, ಆಪೆರೋಲ್, ಹಳದಿ ಶಾರ್ತ್ರೂಸ್, ಲಿಂಬೆರಸ ನಾಲ್ಕೂ ಸಮಸಮ. ಅಳತೆ ತಪ್ಪಿಸಲು ಸಾಧ್ಯವೇ ಇಲ್ಲದ ಕಾಕ್‌ಟೇಲ್. ಅದರಲ್ಲಿ ಎರಡು ಬಾಟಲಿಗಳ ಬೆಲೆ ಕೇಳಿದರೆ ಬೆಲ್ಲದ ಪಾಕದ ಮೇಲೆ ಗೌರವ ಹೆಚ್ಚುತ್ತದೆ.

ಮದ್ಯವಿಲ್ಲದ ಬಗೆಯನ್ನು ಬಾರುಗಳು ಮೆನುವಿನ ಕೊನೆಯಲ್ಲಿ, ಮಕ್ಕಳ ಪಾನೀಯದ ಸಾಲಿಗೆ ತಳ್ಳುತ್ತವೆ. ಇಲ್ಲಿ ಅದು ತಪ್ಪು ಲೆಕ್ಕ. ಹೊಗೆ ಇರುವುದು ಕೆಂಡದಲ್ಲಿ, ಮದ್ಯಸಾರದಲ್ಲಲ್ಲ. ಅದೇ ಹೊಗೆಯ ಪಾಕ 25 ಮಿ.ಲೀ., ಅದೇ ಸುಟ್ಟ ಲಿಂಬೆಯ ರಸ 30 ಮಿ.ಲೀ., ಚಿಟಿಕೆ ಕಪ್ಪುಪ್ಪು, ಮೇಲೆ ತಣ್ಣನೆಯ ಸೋಡಾ. ಮದ್ಯ ಕೊಡುತ್ತಿದ್ದ ಕಹಿ, ಬಿಸುಪು ಇಲ್ಲಿರುವುದಿಲ್ಲವಾದ್ದರಿಂದ ಆ ಜಾಗ ತುಂಬಲು ಒಂದು ಚೂರು ಶುಂಠಿ ಜಜ್ಜಿ ಪಾಕಕ್ಕೆ ಹಾಕಿರಬೇಕು. ಬೇಸಿಗೆಯಲ್ಲಿ ಲಿಂಬೆಯ ರೇಟು ಏರಿದಾಗ ಹುಳಿ ಮಾವಿನಕಾಯಿಯನ್ನು ಇಡಿಯಾಗಿ ಕೆಂಡದಲ್ಲಿ ಸುಟ್ಟು, ಸಿಪ್ಪೆ ಸುಲಿದು, ತಿರುಳು ಕಿವುಚಿ ಸೋಸಿದರೆ ಹುಳಿ ಹೊಗೆ ಎರಡೂ ಒಟ್ಟಿಗೇ ಸಿಗುತ್ತವೆ, ಪಾಕಕ್ಕೆ ಬೇರೆ ಹೊಗೆ ಹಿಡಿಸುವ ಕೆಲಸ ತಪ್ಪುತ್ತದೆ. ದೊಡ್ಡ ಜಗ್ಗಿನಲ್ಲಿ ಮಾಡಿಟ್ಟರೆ ಮನೆಮಂದಿಗೆಲ್ಲ ಆಗುತ್ತದೆ. ಸೋಡಾ ಮಾತ್ರ ಕುಡಿಯುವಾಗ ಬೆರೆಸಬೇಕು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಚಳಿಗಾಲದ ಸಂಜೆಗೆ ಮೆಸ್ಕಾಲಿನದು ಮೇಲು. ಅದರ ಹೊಗೆ ನಾಲಿಗೆಯ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ. ಬಿಸಿಲು 42 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳಲ್ಲಿ ಮದ್ಯ ಮೈಯ ನೀರನ್ನು ಹೀರಿ ತೆಗೆಯುವುದರಿಂದ ಸೋಡಾದ್ದೇ ಗೆಲ್ಲುತ್ತದೆ, ಅದರಲ್ಲಿ ಎರಡನೇ ಮಾತಿಲ್ಲ. ಮದ್ಯಕ್ಕೆ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಆದರೂ ಕುಡಿಯುವವರು ಒಂದು ಗ್ಲಾಸಿಗೆ ಮುಗಿಸಲಿ, ಬೈಕಿನ ಕೀಲಿಯನ್ನು ಮನೆಯವರ ಕೈಗೆ ಕೊಟ್ಟು ಕೂರಲಿ. 100 ಮಿ.ಲೀ. ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಸಾರ ದಾಟಿದರೆ ಗಾಡಿ ಓಡಿಸುವುದು ಅಪರಾಧ. ಮೇಲಿನ ಅಳತೆಯ ಗ್ಲಾಸುಗಳು ಎರಡು ಹೊಟ್ಟೆ ಸೇರಿದರೆ ಬಹಳ ಮಂದಿ ಆ ಗೆರೆ ದಾಟಿರುತ್ತಾರೆ.